ಕಲ್ಲೇರಿ ಕೂಟ್ರೋಡಿನ ನರ್ಸಮ್ಮ: ಶ್ರೀಮತಿ ಗಂಗಾಲಕ್ಷ್ಮಿಯವರ ಸೇವೆಯ ಒಂದು ಅಧ್ಯಾಯ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಹಳ್ಳಿಗಾಡಿನ ಆರೋಗ್ಯ ಸೇವೆಯ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಬರೆಯಲು ಕುಳಿತರೆ, ಅದರಲ್ಲಿ ವೈದ್ಯರ ಹೆಸರುಗಳು ಬರುತ್ತವೆ, ಕಟ್ಟಡಕ್ಕೆ ಜಾಗ ಕೊಟ್ಟವರ ಹೆಸರುಗಳು ಬರುತ್ತವೆ, ಉದ್ಘಾಟನೆಗೆ ಬಂದವರ ಹೆಸರುಗಳಂತೂ ಗೋಡೆಯ ಕಲ್ಲಿನಲ್ಲಿ ಕೊರೆದೇ ಇವೆ. ಸುಡುವ ಹಣೆಯ ಮೇಲೆ ಮೊದಲು ಕೈಯಿಟ್ಟು ನೋಡಿದ ದಾದಿಯರ ಹೆಸರುಗಳನ್ನು ಮಾತ್ರ ಊರಿನವರ ಬಾಯಿಂದಲೇ ಕೇಳಿ ತಿಳಿಯಬೇಕು. ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಕಳೆದ ಮೇ ತಿಂಗಳ ಕೊನೆಯ ದಿನ ಕಲ್ಲೇರಿಪಟ್ಟಿಯ ಆರೋಗ್ಯ ಕೇಂದ್ರದಿಂದ ನಿವೃತ್ತರಾದ ಶ್ರೀಮತಿ ಗಂಗಾಲಕ್ಷ್ಮಿಯವರು ಆ ಸಾಲಿಗೆ ಸೇರಿದವರು. ಗಾಯಕ್ಕೆ ಪಟ್ಟಿ ಕಟ್ಟುವುದು ಅವರ ವೃತ್ತಿಯಾಗಿತ್ತು. ಒಂದೇ ಬಗೆಯ ಗಾಯ ಒಂದೇ ಜಾಗದಿಂದ ಮತ್ತೆ ಮತ್ತೆ ಬರುವುದೇಕೆಂದು ಹುಡುಕಿಕೊಂಡು ರಸ್ತೆಗೆ ಹೋದದ್ದು ಮಾತ್ರ ಯಾರೂ ಅವರಿಗೆ ಹೇಳದ ಕೆಲಸ. ಅವರನ್ನು ಕುರಿತ ಈ ಅಭಿನಂದನ ಗ್ರಂಥದಲ್ಲಿ ಆ ಕೆಲಸದ ಕಥೆಯೊಂದನ್ನಾದರೂ ಪೂರ್ತಿಯಾಗಿ ದಾಖಲಿಸಬೇಕೆಂಬುದು ಅವರ ಸಹೋದ್ಯೋಗಿಗಳೆಲ್ಲರ ಆಸೆ.

ಗಂಗಾಲಕ್ಷ್ಮಿಯವರು ಹುಟ್ಟಿದ್ದು 1965ರಲ್ಲಿ, ಸೇಲಂ ನಗರದ ಗುಗೈ ಭಾಗದ ನೇಕಾರ ಮನೆತನದಲ್ಲಿ. ತಂದೆ ಮುನುಸ್ವಾಮಿಯವರು ರೇಷ್ಮೆ ಪಂಚೆ ನೇಯುತ್ತಿದ್ದರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯ ಪುಸ್ತಕದಲ್ಲೂ ತಮಿಳು. ಹೀಗೆ ಬೆಳೆದ ಅವರು ಕನ್ನಡದ ಅಕ್ಷರಗಳನ್ನು ಕಲಿತದ್ದು ನಲವತ್ತು ದಾಟಿದ ಮೇಲೆ, ತಮ್ಮ ಮಗಳಿಗೆಂದು ತರಿಸಿದ ಕಾಪಿ ಪುಸ್ತಕದಲ್ಲಿ. ಈ ಲೇಖನವನ್ನೂ ಅವರು ಬೆರಳಿಟ್ಟು, ಒಂದೊಂದು ಒತ್ತಕ್ಷರಕ್ಕೂ ನಿಂತು ಓದುತ್ತಾರೆಂಬುದು ಗೊತ್ತಿದ್ದೂ ವಾಕ್ಯಗಳು ಇಲ್ಲಿ ಉದ್ದವಾಗುತ್ತಿವೆ. ಅದಕ್ಕೆ ಅವರ ಕ್ಷಮೆ ಇರಲಿ.

ದಾದಿಯರ ತರಬೇತಿ ಮುಗಿಸಿ 1989ರಲ್ಲಿ ಅವರು ಮೊದಲು ಕೆಲಸಕ್ಕೆ ಸೇರಿದ್ದು ಕಾರಿಮಂಗಲಂ ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ. ಅಲ್ಲಿನ ಹತ್ತೊಂಬತ್ತು ವರ್ಷಗಳ ಬಗ್ಗೆ ಬೇರೆಯವರು ಈ ಗ್ರಂಥದಲ್ಲಿ ವಿವರವಾಗಿ ಬರೆದಿದ್ದಾರೆ. ಒಂದು ಸಂಗತಿ ಮಾತ್ರ ಇಲ್ಲಿಯೂ ಹೇಳತಕ್ಕದ್ದು. ಹೆರಿಗೆ ಕೋಣೆಯ ಬೀರುವಿನಲ್ಲಿ ಅವರು ತಮ್ಮದೇ ಒಂದು ಬಾಚಣಿಗೆ, ಒಂದು ಕೊಬ್ಬರಿ ಎಣ್ಣೆ ಬಾಟಲಿ ಇಟ್ಟಿರುತ್ತಿದ್ದರು. ಹೆರಿಗೆಯಾದ ಹೆಣ್ಣುಮಗಳ ಮುಖ ಒರೆಸಿ, ಕೆದರಿದ ತಲೆ ಬಾಚಿ ಜಡೆ ಹಾಕಿದ ಮೇಲೆಯೇ ಮನೆಯವರನ್ನು ಒಳಗೆ ಬಿಡುತ್ತಿದ್ದರು. "ಮಗು ನೋಡೋಕೆ ಎಲ್ರೂ ಬರ್ತಾರೆ, ಇವಳನ್ನೂ ಯಾರಾದ್ರೂ ನೋಡ್ಲಿ" ಎನ್ನುತ್ತಿದ್ದರಂತೆ.

2008ರಲ್ಲಿ ಅವರಿಗೆ ಕಲ್ಲೇರಿಪಟ್ಟಿಗೆ ವರ್ಗವಾಯಿತು. ಮೆಟ್ಟೂರಿನಿಂದ ಕೊಳತ್ತೂರಿಗೆ ಹೋಗುವ ದೊಡ್ಡ ರಸ್ತೆಯಿಂದ ಒಂದು ಕವಲು ಜಲಾಶಯದ ಕಡೆಗೆ ಇಳಿಯುತ್ತದೆ. ಆ ಕವಲಿನಲ್ಲಿ ಕೂಗಳತೆಯಷ್ಟು ದೂರಕ್ಕೆ ಆರೋಗ್ಯ ಕೇಂದ್ರ. ರಸ್ತೆಗಳು ಕೂಡುವ ಜಾಗವನ್ನು ಸುತ್ತಿನವರು ಕೂಟ್ರೋಡು ಎಂದೇ ಕರೆಯುತ್ತಾರೆ. ಕೊಳತ್ತೂರಿನಿಂದ ಬರುವ ಬಸ್ಸು ಆಗ ಕವಲಿನ ಬಾಯಿಗೆ ನೇರ ಎದುರಿಗೆ, ದೊಡ್ಡ ರಸ್ತೆಯ ಆಚೆ ಬದಿಯ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು. ಇಳಿದವರು ಬಸ್ಸಿನ ಮೂತಿಯ ಮುಂದೆ ಹಾದು, ರಸ್ತೆ ದಾಟಿ ಕವಲಿಗೆ ಬರಬೇಕು. ಕೊಳತ್ತೂರಿನ ಕಡೆಯಿಂದ ರಸ್ತೆ ಇಳಿಜಾರು. ಮೀನಿನ ಪೆಟ್ಟಿಗೆ ಕಟ್ಟಿದ ಬೈಕುಗಳು, ಕಾರುಗಳು, ಟೆಂಪೋಗಳು ಆ ಇಳಿಜಾರಿನ ರಭಸದಲ್ಲೇ ಬಂದು, ನಿಂತ ಬಸ್ಸನ್ನು ಬಲಗಡೆಯಿಂದ ಹಾದು ಮುಂದಕ್ಕೆ ಹೋಗುತ್ತಿದ್ದವು.

ಅಲ್ಲಿ ಬಿದ್ದವರು ನೇರ ಆರೋಗ್ಯ ಕೇಂದ್ರಕ್ಕೆ ಬರುತ್ತಿದ್ದರು. ಮಂಡಿ ತರಚಿದವರು, ಮೊಣಕೈ ಕಿತ್ತವರು, ಹಣೆ ಒಡೆದವರು. ಗಂಗಾಲಕ್ಷ್ಮಿಯವರು ಗಾಯ ತೊಳೆದು, ಮದ್ದು ಹಚ್ಚಿ, ಬೇಕಾದವರಿಗೆ ವೈದ್ಯರಿಂದ ಹೊಲಿಗೆ ಹಾಕಿಸಿ, ಹೆಸರು ಊರು ರಿಜಿಸ್ಟರಿನಲ್ಲಿ ಬರೆದು ಕಳಿಸುತ್ತಿದ್ದರು. ಹೇಗೆ ಬಿದ್ದಿರಿ ಎಂದು ಕೇಳಿದರೆ ಜೊತೆಗೆ ಬಂದವರೇ ಉತ್ತರ ಹೇಳುತ್ತಿದ್ದರು: ಅವಸರ, ಕುಡಿದಿದ್ದ, ನೋಡದೆ ದಾಟಿದಳು. ಎಂಟು ವರ್ಷ ಅವರೂ ಅದನ್ನೇ ನಂಬಿದ್ದರು. ಮುಂದೆ ಈ ಮಾತನ್ನು ಅವರು ಹಲವರ ಎದುರು ತಾವಾಗಿ ಒಪ್ಪಿಕೊಂಡಿದ್ದಾರೆ.

2016ರ ಸೆಪ್ಟೆಂಬರ್ ತಿಂಗಳ ಒಂದು ಮಂಗಳವಾರ. ಮಂಗಳವಾರವೆಂದರೆ ಗರ್ಭಿಣಿಯರ ತಪಾಸಣೆಯ ದಿನ. ಬೆಳಿಗ್ಗೆ ಹತ್ತರ ಬಸ್ಸಿನಲ್ಲಿ ಪೂಂಗೊಡಿ ಬರುವವಳಿದ್ದಳು. ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳು, ಮೊದಲ ಬಸಿರು, ಏಳನೆಯ ತಿಂಗಳು. ಗಂಡ ಪಳನಿ ಜಲಾಶಯದಲ್ಲಿ ಮೀನು ಹಿಡಿಯುವವನು. ಕಳೆದ ಸಲ ಬಂದಾಗ ಹೊಟ್ಟೆಯೊಳಗಿನ ಕೂಸಿನ ಎದೆಬಡಿತವನ್ನು ಅವಳಿಗೂ ಕೇಳಿಸಿ, ಅವಳು ನಕ್ಕದ್ದನ್ನು ಗಂಗಾಲಕ್ಷ್ಮಿಯವರು ನೋಡಿದ್ದರು. ಹತ್ತೂಕಾಲರ ಹೊತ್ತಿಗೆ ಒಂದು ಗೂಡ್ಸ್ ಆಟೋ ಕೇಂದ್ರದ ಅಂಗಳಕ್ಕೆ ನುಗ್ಗಿತು. ಅದರಲ್ಲಿ ಪೂಂಗೊಡಿ ಮಲಗಿದ್ದಳು. ಬಸ್ಸಿನಿಂದ ಇಳಿದು ದಾಟುವಾಗ ಬೈಕೊಂದು ಬಡಿದಿತ್ತು. ಬೈಕಿನವನೂ ಬಿದ್ದು ಭುಜ ಮುರಿದುಕೊಂಡಿದ್ದ. ಆಂಬ್ಯುಲೆನ್ಸ್ ಬಂದು ಅವಳನ್ನು ಸೇಲಮಿಗೆ ಒಯ್ಯುವವರೆಗೆ ಅವಳ ಕೈ ಗಂಗಾಲಕ್ಷ್ಮಿಯವರ ಕೈಯಲ್ಲಿತ್ತು. ಅವಳು ಉಳಿದಳು. ಕಾಲಿನ ಮೂಳೆ ಮುರಿದಿತ್ತು, ಅದು ಕೂಡಿತು. ಕೂಸು ಉಳಿಯಲಿಲ್ಲ.

ಮೂರು ವಾರ ಕಳೆದು, ಒಂದು ಭಾನುವಾರ, ಗಂಗಾಲಕ್ಷ್ಮಿಯವರು ಅವಳ ಊರಿಗೆ ಹೋದರು. ಜಗಲಿಯ ಮೇಲೆ ಅತ್ತೆ ಸಿದ್ದಲಕ್ಷ್ಮಮ್ಮ ಕೂತಿದ್ದರು. ಆಕೆ ಕೆಟ್ಟವರಲ್ಲ, ಮೊಮ್ಮಗುವಿಗೆಂದು ಹಳೆಯ ಸೀರೆಗಳನ್ನು ಒಗೆದು ಮಡಿಚಿ ಇಟ್ಟುಕೊಂಡಿದ್ದವರು.

"ಕಣ್ಣು ಎಲ್ಲಿ ಇಕ್ಕೊಂಡಿದ್ಲೋ ನರ್ಸಮ್ಮ! ಎರಡು ಜೀವ ಒತ್ಕೊಂಡು ಓಗೋಳು ಇಂಗಾ ದಾಟೋದು? ಒಂದ್ಸಾರಿ ತಿರುಗಿ ನೋಡಿದ್ರೆ ಆಗಿರೋದು" ಎಂದು ಅವರು ಒಳಗೆ ಕೇಳಿಸುವಂತೆಯೇ ಹೇಳಿದರು.

ಒಳಗೆ ಪೂಂಗೊಡಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗಂಗಾಲಕ್ಷ್ಮಿಯವರು ಚಾಪೆಯ ಅಂಚಿನಲ್ಲಿ ಕೂತು, ಕಾಲಿನ ಕಟ್ಟು ನೋಡಿದರು. ಆಗ ಅವಳೇ ಬಾಯಿಬಿಟ್ಟಳು.

"ನೋಡ್ದೆ ಅಕ್ಕಾ."

"ಏನಮ್ಮ?"

"ಎರಡು ಕಡೆನೂ ನೋಡ್ದೆ. ಸತ್ಯವಾಗಿ ನೋಡ್ದೆ. ಯಾರೂ ನಂಬ್ತಾ ಇಲ್ಲ. ಕಟ್ಕೊಂಡೋರೂ ನಂಬ್ಲಿಲ್ಲ. ಈಗ ನಂಗೇ ಸಂದೇಹ ಬಂದ್ಬಿಟ್ಟೈತೆ, ನೋಡ್ದೆನೋ ಇಲ್ವೋ ಅಂತ."

"ನಾನು ನಂಬ್ತೀನಿ" ಎಂದರು ಗಂಗಾಲಕ್ಷ್ಮಿಯವರು. ಹಾಗೆಂದ ಮೇಲೆ, ಸಮಾಧಾನಕ್ಕೆ ಹೇಳಿದ ಮಾತು ಸಾಲದೆಂದು ಅವರಿಗೇ ಅನ್ನಿಸಿತು. ಮೂಳೆ ಕೂಡಿದರೂ ಈ ಹೆಣ್ಣು ತಾನೇ ತನ್ನ ಕೂಸನ್ನು ಕಳೆದೆನೆಂದುಕೊಂಡು ಬದುಕಬೇಕು. ಅವಳು ನೋಡಿದ್ದು ನಿಜವಾದರೆ, ನೋಡಿಯೂ ಅವಳಿಗೆ ಬೈಕು ಕಾಣಲಿಲ್ಲವೇಕೆ?

ಹಿಂತಿರುಗುವಾಗ ಅವರು ಕೂಟ್ರೋಡಿನಲ್ಲಿ ಬಸ್ಸಿನಿಂದ ಇಳಿದು, ದಾಟಲು ಎರಡು ಹೆಜ್ಜೆ ಮುಂದೆ ಬಂದು ನಿಂತರು. ಎಡಕ್ಕೆ ನೋಡಿದರು, ರಸ್ತೆ ಖಾಲಿ. ಬಲಕ್ಕೆ ನೋಡಿದರು, ಬಸ್ಸಿನ ಕೆಂಪು ತಗಡು ಬಿಟ್ಟರೆ ಬೇರೇನಿಲ್ಲ. ಅವರು ಅಲುಗಾಡದೆ ನಿಂತಿರುವಾಗಲೇ ಆ ತಗಡಿನ ಹಿಂದಿನಿಂದ ಒಂದು ಕಾರು ಅವರ ಸೆರಗು ಹಾರುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಎಂಟು ವರ್ಷ ದಿನಕ್ಕೆರಡು ಸಲ ಅದೇ ರಸ್ತೆ ದಾಟಿದವರು ಅವರು. ಬಸ್ಸು ಹೋಗುವ ತನಕ ಕಾದು ದಾಟುವ ಅಭ್ಯಾಸ ಇದ್ದುದರಿಂದ ಅದುವರೆಗೆ ಅವರಿಗದು ತಿಳಿದಿರಲಿಲ್ಲ. ಹೊಸಬರಿಗೆ, ಅವಸರದವರಿಗೆ, ತಪಾಸಣೆಗೆ ತಡವಾಯಿತೆಂದು ಹೆದರುವವರಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು?

ಮರುದಿನದಿಂದ ಅವರು ಹಳೆಯ ರಿಜಿಸ್ಟರುಗಳನ್ನು ತೆಗೆದರು. ಮೂರು ವರ್ಷಗಳಲ್ಲಿ ರಸ್ತೆಯ ಗಾಯವೆಂದು ಬರೆದ ಹೆಸರುಗಳನ್ನೆಲ್ಲ ಗುರುತು ಹಾಕಿಕೊಂಡು, ಭಾನುವಾರಗಳಂದು ಆ ಜನರನ್ನು ಹುಡುಕಿಕೊಂಡು ಹೋದರು. ಅವರ ಯಜಮಾನರಾದ ರಾಜಗೋಪಾಲ್ ಅವರು ಮೆಟ್ಟೂರಿನಲ್ಲಿ ಕೈಗಡಿಯಾರ ರಿಪೇರಿ ಮಾಡುವವರು. ಹತ್ತು ಭಾನುವಾರ ಸ್ಕೂಟರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಊರೂರು ಸುತ್ತಿದ ಪುಣ್ಯ ಅವರದು. ಎಲ್ಲರನ್ನೂ ಗಂಗಾಲಕ್ಷ್ಮಿಯವರು ಕೇಳಿದ್ದು ಒಂದೇ ಪ್ರಶ್ನೆ: "ಬೀಳೋಕೆ ಮುಂಚೆ ಕೊನೇದಾಗಿ ಏನು ಕಂಡ್ರಿ?" ಕೂಟ್ರೋಡಿನಲ್ಲಿ ಗಾಯಗೊಂಡವರು ಎಂಬತ್ತಮೂರು ಜನ. ಅವರಲ್ಲಿ ಐವತ್ತೇಳು ಜನ ಹೇಳಿದ ಉತ್ತರ, ನಿಂತ ಬಸ್ಸು.

ಆಗಿನ ವೈದ್ಯಾಧಿಕಾರಿಗಳು ರೋಗಿಗಳ ಹೆಸರು ಕೇಂದ್ರದಿಂದ ಹೊರಗೆ ಹೋಗಕೂಡದೆಂದು ಎಚ್ಚರಿಸಿದರು. ಆ ಮಾತು ಸರಿಯೆಂದು ಒಪ್ಪಿ, ಗಂಗಾಲಕ್ಷ್ಮಿಯವರು ಹೆಸರುಗಳನ್ನು ಬಿಟ್ಟು ದಿನಾಂಕ, ಹೊತ್ತು, ಗಾಯ, ಬಂದ ದಿಕ್ಕು ಇಷ್ಟನ್ನೇ ಹೊಸ ಹಾಳೆಗಳಲ್ಲಿ ಬರೆದರು. ಬಸ್ಸು ಕವಲನ್ನು ದಾಟಿ ಮುಂದೆ ನಿಲ್ಲಬೇಕೆಂದು ರಸ್ತೆ ಕಚೇರಿಗೆ ಅರ್ಜಿ ಹೋಯಿತು. ಬಂದ ಉತ್ತರ ಮರ್ಯಾದೆಯಾಗಿಯೇ ಇತ್ತು: ಅಪಾಯದ ಜಾಗವೆಂದು ಪಟ್ಟಿಗೆ ಸೇರಿಸಲು ಬೇಕಾದಷ್ಟು ಸಾವುಗಳು ಅಲ್ಲಿ ಆಗಿಲ್ಲ; ಮೂರು ವರ್ಷದಲ್ಲಿ ಪೊಲೀಸ್ ದಾಖಲೆಯಂತೆ ಒಂದೇ. ಅವರು ಆ ಕಾಗದವನ್ನು ಎರಡು ಸಲ ಓದಿ, ಮಡಿಚಿ, ಮತ್ತೊಂದು ಅರ್ಜಿ ಬರೆದರು. ಅದರ ಮೊದಲ ವಾಕ್ಯ ತಮಿಳಿನಲ್ಲಿ ಹೀಗಿತ್ತು: ಸತ್ತವರ ಲೆಕ್ಕ ತಮ್ಮಲ್ಲಿದೆ, ಸಾಯದೆ ಉಳಿದವರ ಲೆಕ್ಕ ನಮ್ಮಲ್ಲಿದೆ, ದಯವಿಟ್ಟು ಎರಡನ್ನೂ ಕೂಡಿಸಿ ನೋಡಬೇಕು.

ಅಷ್ಟರಲ್ಲಿ ಊರಿನಲ್ಲೇ ಒಂದು ಕಷ್ಟ ಎದುರಾಯಿತು. ಬಸ್ಸು ನಿಲ್ಲುವ ಜಾಗ ಬದಲಾಗಬೇಕೆಂಬ ಸುದ್ದಿ ಬೇವಿನ ಮರದ ಕೆಳಗೆ ಇಡ್ಲಿ ಅಂಗಡಿ ಇಟ್ಟಿದ್ದ ಕಣ್ಣಮ್ಮನವರಿಗೆ ಮುಟ್ಟಿತು. ಗಂಡನಿಲ್ಲದ ಆಕೆ ಇಪ್ಪತ್ತು ವರ್ಷ ಆ ಅಂಗಡಿಯಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದವರು. ಬೆಳಿಗ್ಗೆ ಗಂಗಾಲಕ್ಷ್ಮಿಯವರು ಬಸ್ಸಿಳಿದಾಗ ಸೌಟು ಹಿಡಿದೇ ಎದುರು ನಿಂತರು.

"ನನ್ನ ಅಂಗಡಿ ಕೀಳಿಸ್ಬೇಕು ಅಂತ ಅರ್ಜಿ ಕೊಟ್ಟಿದ್ದೀಯಂತೆ?"

"ಅಂಗಡಿ ಅಲ್ಲ ಕಣ್ಣಮ್ಮ. ಬಸ್ಸು ಸ್ವಲ್ಪ ಮುಂದಕ್ಕೆ ನಿಲ್ಲಲಿ ಅಂತ."

"ಬಸ್ಸು ಓದ್ರೆ ಅಂಗಡಿ ಇರ್ತೈತಾ? ನಿಂಗೆ ತಿಂಗ್ಳಾದ್ರೆ ಸಂಬಳ ಬರ್ತೈತೆ ನರ್ಸಮ್ಮ. ನಂಗೆ ಬಸ್ಸು ನಿಂತ್ರೇನೇ ಒಲೆ."

ಆ ಮಾತಿನಲ್ಲಿ ತಪ್ಪಿರಲಿಲ್ಲ. ಕಣ್ಣಮ್ಮ ಅಂದಿನಿಂದ ಅವರೊಂದಿಗೆ ಮಾತು ಬಿಟ್ಟರು. ಗಂಗಾಲಕ್ಷ್ಮಿಯವರು ಮಾತ್ರ ಎಂದಿನಂತೆ ಬೆಳಿಗ್ಗೆ ಅಲ್ಲೇ ಎರಡು ಇಡ್ಲಿ ತಿಂದು ಕೆಲಸಕ್ಕೆ ಹೋಗುತ್ತಿದ್ದರು. ಇಡ್ಲಿ ಬರುತ್ತಿತ್ತು, ಚಟ್ನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹೀಗೆ ಒಂದು ವರ್ಷವೇ ನಡೆಯಿತು.

ಬಸ್ಸಿನ ಜಾಗ ಬದಲಿಸಿದರೆ ಜಗಳವಾಗುತ್ತದೆಂದು ಅಂಜಿ, ಊರಿನ ಮುಖಂಡರು 2018ರ ಪೊಂಗಲ್ ಹಬ್ಬಕ್ಕೆ ಮುಂಚೆ ಸುಲಭದ ದಾರಿಯೊಂದನ್ನು ಹಿಡಿದರು. ಕೂಟ್ರೋಡಿಗೆ ಮೂವತ್ತು ಮಾರು ಮೊದಲು, ಇಳಿಜಾರಿನಲ್ಲಿ, ರಸ್ತೆಗೆ ಅಡ್ಡಲಾಗಿ ಒಂದು ದೊಡ್ಡ ಉಬ್ಬು ಹಾಕಿಸಿದರು. ಗುತ್ತಿಗೆಯವನು ಡಾಂಬರು ಸುರಿದು ಹೋದ. ಬಿಳಿ ಪಟ್ಟೆ ಬಳಿಯಲಿಲ್ಲ, ಮುಂದೆ ಉಬ್ಬಿದೆ ಎಂಬ ಫಲಕ ನೆಡಲಿಲ್ಲ. ಕಪ್ಪು ರಸ್ತೆಯ ಮೇಲೆ ಕಪ್ಪು ಉಬ್ಬು. ಮೊದಲ ವಾರದಲ್ಲೇ ಮೂವರು ಅದರ ಮೇಲಿಂದ ಹಾರಿ ಬಿದ್ದರು. ಮೂರನೆಯವರು ಹಾಲು ಹಾಕುವ ಮುದುಕರು ಮಾರಿಯಪ್ಪನವರು. ಗದ್ದಕ್ಕೆ ಐದು ಹೊಲಿಗೆ ಬಿತ್ತು. ಹೊಲಿಗೆಯ ಮೇಲೆ ಪಟ್ಟಿ ಕಟ್ಟುತ್ತಾ ಗಂಗಾಲಕ್ಷ್ಮಿಯವರು ಅತ್ತುಬಿಟ್ಟರು.

"ನನ್ನಿಂದ ಬಿದ್ರಿ ನೀವು. ನಾನು ಅರ್ಜಿ ಕೊಡದೇ ಇದ್ದಿದ್ರೆ ಆ ಉಬ್ಬು ಅಲ್ಲಿರ್ತಿರ್ಲಿಲ್ಲ" ಎಂದರು.

ಮಾರಿಯಪ್ಪನವರು ಹೊಲಿದ ಗದ್ದ ಅಲುಗದಂತೆ ಮೆಲ್ಲಗೆ, "ಆಲು ಚೆಲ್ತು ಅಷ್ಟೇ ತಾಯಿ, ನೀ ಅಳಬ್ಯಾಡ" ಎಂದರು.

ಮಾರನೆಯ ಬೆಳಿಗ್ಗೆ ಗಂಗಾಲಕ್ಷ್ಮಿಯವರು ಆರು ಗಂಟೆಯ ಬಸ್ಸಿಗೇ ಬಂದು, ಪೊರಕೆ ಹಿಡಿದು ಉಬ್ಬಿನ ಮೇಲಿನ ಮಣ್ಣು ಗುಡಿಸತೊಡಗಿದರು. ಮೆಟ್ಟೂರಿನಿಂದ ಒಂದು ಚಿಕ್ಕ ಡಬ್ಬಿ ಬಿಳಿ ಬಣ್ಣ ತಂದಿದ್ದರು; ಮೂರು ಪಟ್ಟೆ ಎಳೆಯುವಷ್ಟರಲ್ಲಿ ಅದು ಮುಗಿಯಿತು. ಡಬ್ಬಿಯ ತಳ ಕೆರೆಯುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಕೆಟ್ ಇಟ್ಟ ಸದ್ದಾಯಿತು. ಕಣ್ಣಮ್ಮ. ಪೊಂಗಲ್‌ಗೆಂದು ಮನೆಗೆ ಬಳಿಯಲು ಕಲಸಿದ್ದ ಸುಣ್ಣ ಅದು, ಅರ್ಧ ಬಕೆಟ್ ಉಳಿದಿತ್ತು.

"ಬಗ್ಗಿ ಬಗ್ಗಿ ಸೊಂಟ ಓಗ್ತೈತೆ ನಿಂಗೆ. ನೀನು ಗಾಡಿ ನೋಡ್ಕೊ, ನಾ ಬಳೀತೀನಿ" ಎಂದರು ಅವರು. ಒಂದು ವರ್ಷದ ಮೇಲೆ ಆಡಿದ ಮೊದಲ ಮಾತು. ಗಂಗಾಲಕ್ಷ್ಮಿಯವರು ಕೈಯಲ್ಲಿ ಕೆಂಪು ಟವಲು ಹಿಡಿದು ಗಾಡಿಗಳನ್ನು ನಿಲ್ಲಿಸಿದರು, ಕಣ್ಣಮ್ಮ ಬಳಿದರು. ಅಂದು ಬೆಳಿಗ್ಗೆ ಇಡ್ಲಿ ತಡವಾಯಿತೆಂದು ಬಸ್ಸಿನ ಡ್ರೈವರು ಗೊಣಗಿದರಂತೆ.

ಅದೇ ವರ್ಷ ಜೂನ್ ತಿಂಗಳಲ್ಲಿ ರಸ್ತೆ ಕಚೇರಿಗೆ ಹೊಸದಾಗಿ ಬಂದ ಕಾರ್ತಿಕೇಯನ್ ಎಂಬ ಇಂಜಿನಿಯರ್ ಹಳೆಯ ಕಡತಗಳ ನಡುವೆ ಆ ಎರಡನೆಯ ಅರ್ಜಿಯನ್ನು ಓದಿ, ಸ್ಥಳ ನೋಡುತ್ತೇನೆಂದು ಫೋನು ಮಾಡಿದರು. ಗಂಗಾಲಕ್ಷ್ಮಿಯವರು ಕೇಳಿಕೊಂಡದ್ದು ಒಂದೇ: ಯಾವಾಗ ಬಂದರೂ ಬೆಳಿಗ್ಗೆ ಹತ್ತರ ಬಸ್ಸು ಬರುವ ಹೊತ್ತಿಗೆ ಬನ್ನಿ. ಬರುವ ದಿನ ಗೊತ್ತಾದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ರಕ್ತದೊತ್ತಡದ ಮಾತ್ರೆ ಮುಗಿದಿರಬೇಕು, ಶುಕ್ರವಾರ ಹತ್ತರ ಬಸ್ಸಿಗೇ ಬನ್ನಿ ಎಂದು ಸಿದ್ದಲಕ್ಷ್ಮಮ್ಮನವರಿಗೆ ಹೇಳಿ ಕಳಿಸಿದರು.

ಶುಕ್ರವಾರ ಬಸ್ಸು ಬಂದು ಬೇವಿನ ಮರದ ಕೆಳಗೆ ನಿಂತಿತು. ಸಿದ್ದಲಕ್ಷ್ಮಮ್ಮ ಇಳಿದರು. ಕಾರ್ತಿಕೇಯನ್ ಅವರನ್ನು ಗಂಗಾಲಕ್ಷ್ಮಿಯವರು ಬಸ್ಸಿನ ಮುಂದಕ್ಕೆ ಕರೆತಂದು, ಪೂಂಗೊಡಿ ನಿಂತಿದ್ದ ಜಾಗದಲ್ಲಿ ನಿಲ್ಲಿಸಿ, ಸಿದ್ದಲಕ್ಷ್ಮಮ್ಮನವರನ್ನೂ ಕೈಹಿಡಿದು ಅವರ ಪಕ್ಕಕ್ಕೆ ತಂದರು. "ಈಗ ಎರಡು ಕಡೆನೂ ನೋಡಿ" ಎಂದರು.

ಕಾರ್ತಿಕೇಯನ್ ನೋಡಿದರು. ಮಂಡಿ ಬಗ್ಗಿಸಿ ನೋಡಿದರು, ಅರ್ಧ ಹೆಜ್ಜೆ ಮುಂದೆ ಬಂದು ನೋಡಿದರು, ಒಂದು ಟೆಂಪೋ ಭರ್ರೆಂದು ಬಂದಾಗ ಹಿಂದಕ್ಕೆ ಹಾರಿದರು. "ಒಣ್ಣುಮ್ ತೆರಿಯಲೆಯೇ, ಸಿಸ್ಟರ್" ಎಂದು ಉಸಿರು ಬಿಟ್ಟರು. ಏನೂ ಕಾಣಿಸುವುದಿಲ್ಲವಲ್ಲ ಎಂದು ಅವರು ತಮಿಳಿನಲ್ಲಿ ಹೇಳಿದ್ದು ಸಿದ್ದಲಕ್ಷ್ಮಮ್ಮನವರಿಗೂ ಅರ್ಥವಾಯಿತು. ಆ ಮುದುಕಿ ಬಸ್ಸಿನ ತಗಡನ್ನೇ ದಿಟ್ಟಿಸುತ್ತಾ ನಿಂತುಬಿಟ್ಟರು.

ಕಾರ್ತಿಕೇಯನ್ ಹಾಳೆಗಳನ್ನು ತಿರುವುತ್ತಾ, ಇದೆಲ್ಲ ಗಾಯಾಳುಗಳೇ ಹೇಳಿದ್ದು, ಕಣ್ಣಾರೆ ಕಂಡವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಕಂಡವರು ಯಾರೆಂದು ಗಂಗಾಲಕ್ಷ್ಮಿಯವರಿಗೆ ಗೊತ್ತಿತ್ತು. ಆದರೆ ಸ್ವಂತ ಒಲೆಗೆ ನೀರೆರೆಯುವ ಸಾಕ್ಷಿಯನ್ನು ಯಾವ ಬಾಯಲ್ಲಿ ಕೇಳುವುದು? ಕಣ್ಣಮ್ಮ ಅಂಗಡಿಯಿಂದ ತಾವಾಗಿ ಕೈ ಒರೆಸಿಕೊಂಡು ಬಂದರು.

"ಸಾರ್, ಇಪ್ಪತ್ತೊಂದು ವರ್ಷ ಆಯ್ತು ನಾನಿಲ್ಲಿ ಕುಂತು. ಬಿದ್ದೋರಿಗೆಲ್ಲಾ ಮೊದ್ಲು ಒಂದ್ಲೋಟ ತಣ್ಣಿ ಕುಡಿಸಿರೋಳು ನಾನು. ಆ ಬಸ್ರಿ ಎಂಗ್ಸನ್ನ ಎತ್ತಿ ಆಟೋದಲ್ಲಿ ಮಲಗಿಸ್ದೋಳೂ ನಾನೇ. ಅವ್ಳು ನಿಂತು, ನೋಡಿ, ಆಮೇಲೇನೇ ಕಾಲಿಟ್ಲು. ಬಸ್ಸು ಅಲ್ಲಿ ನಿಂತ್ರೆ ಗೋಡೆ ನಿಂತಂಗೆ ಸಾರ್. ಅದನ್ನ ಆಚೆಗೆ ನಿಲ್ಸಿ."

"ನಿಮ್ಮ ಅಂಗಡಿ?" ಎಂದು ಕೇಳಿದರು ಕಾರ್ತಿಕೇಯನ್.

"ಅದು ನನ್ನ ಪಾಡು" ಎಂದು ಕಣ್ಣಮ್ಮ ಒಲೆಯ ಕಡೆ ತಿರುಗಿ ಹೋದರು.

ಗಂಗಾಲಕ್ಷ್ಮಿಯವರು ಅಂದು ಸಂಜೆ ಕೆಲಸ ಮುಗಿಸಿ ಸಿದ್ದಲಕ್ಷ್ಮಮ್ಮನವರ ಊರಿಗೆ ಹೋದರು. ಪೂಂಗೊಡಿಗೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಉದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದರು. ಇಂಜಿನಿಯರ್ ಹೇಳಿದ್ದು, ಕಣ್ಣಮ್ಮ ಹೇಳಿದ್ದು, ಐವತ್ತೇಳು ಜನ ಹೇಳಿದ್ದು. ಆದರೆ ಹೊಸಿಲಿನಲ್ಲೇ ಅವರು ನಿಲ್ಲಬೇಕಾಯಿತು. ಒಳಗೆ ಅತ್ತೆ ಸೊಸೆಯ ಎದುರು ನೆಲದ ಮೇಲೆ ಕೂತು, ಅವಳ ಎರಡೂ ಕೈಗಳನ್ನು ತಮ್ಮ ಮಡಿಲಿನಲ್ಲಿ ಇಟ್ಟುಕೊಂಡಿದ್ದರು.

"ನಾನೂ ಅಲ್ಲೇ ನಿಂತು ನೋಡ್ದೆ ಕಣಮ್ಮ. ಕಾಣಾಕಿಲ್ಲ. ಯಾರು ನಿಂತ್ರೂ ಕಾಣಾಕಿಲ್ಲ" ಎನ್ನುತ್ತಿದ್ದರು. "ಎರಡು ವರ್ಷ ನಿನ್ನ ಅಂದ್ಬಿಟ್ಟೆ. ಈ ಪಾಪಿ ಬಾಯಿ..."

ಪೂಂಗೊಡಿ ಎರಡು ವರ್ಷಗಳಲ್ಲಿ ಆ ಮನೆಯವರೆದುರು ಅತ್ತಿರಲಿಲ್ಲ. ಅಂದು ಅತ್ತಳು. ಅತ್ತೆಯ ಭುಜಕ್ಕೆ ಮುಖವೊತ್ತಿ, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ಗಂಗಾಲಕ್ಷ್ಮಿಯವರು ಜೋಡಿಸಿಕೊಂಡಿದ್ದ ಮಾತುಗಳನ್ನು ಹಾಗೆಯೇ ನುಂಗಿ, ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹಿಂತಿರುಗಿದರು. ಜಗಲಿಯ ಮೇಲೆ ಬಲೆ ಸರಿಪಡಿಸುತ್ತಿದ್ದ ಪಳನಿ ಎದ್ದು ನಿಂತು ಕೈಮುಗಿದ.

2019ರ ಜನವರಿಯೊಳಗೆ ಬಸ್ಸು ನಿಲ್ಲುವ ಜಾಗ ಕೂಟ್ರೋಡನ್ನು ದಾಟಿ ಎಂಬತ್ತು ಹೆಜ್ಜೆ ಮೆಟ್ಟೂರಿನ ಕಡೆಗೆ ಹೋಯಿತು. ಈಗ ಇಳಿದವರು ಬಸ್ಸಿನ ಹಿಂದೆ ನಡೆದು ಬಂದು ದಾಟುತ್ತಾರೆ. ಬರುವ ಗಾಡಿಗೆ ಅವರು ಕಾಣುತ್ತಾರೆ, ಅವರಿಗೆ ಗಾಡಿ ಕಾಣುತ್ತದೆ. ಉಬ್ಬನ್ನು ಕಿತ್ತು, ನಿಯಮದಂತೆ ತಗ್ಗಾಗಿ ಹಾಕಿ, ಪಟ್ಟೆ ಬಳಿದು, ಮುಂಚಿತವಾಗಿ ಫಲಕ ನೆಟ್ಟರು. ಕವಲಿನ ಬಾಯಿ ಅಗಲವಾಯಿತು, ಒಂದು ದೀಪದ ಕಂಬ ಬಂತು. ಇದರಲ್ಲಿ ಯಾವುದೂ ದೊಡ್ಡ ಕೆಲಸವಲ್ಲ. ಸೇತುವೆ ಕಟ್ಟಲಿಲ್ಲ, ಮರ ಕಡಿಯಲಿಲ್ಲ.

ಕಣ್ಣಮ್ಮನವರಿಗೆ ಮಾತ್ರ ನಾಲ್ಕು ತಿಂಗಳು ಕಷ್ಟವೇ ಆಯಿತು. ಅಂಗಡಿಯ ಹೊಸ ಜಾಗದಲ್ಲಿ ನೆರಳಿಲ್ಲ, ಗಿರಾಕಿಗಳಿಗೆ ಅಭ್ಯಾಸವಿಲ್ಲ. ಮಂಗಳವಾರ ತಪಾಸಣೆಗೆ ಬರುವ ಗರ್ಭಿಣಿಯರಿಗೆ ಬೆಳಗಿನ ತಿಂಡಿ ಕಣ್ಣಮ್ಮನವರಲ್ಲೇ ಆಗುವಂತೆ ಗಂಗಾಲಕ್ಷ್ಮಿಯವರು ಏರ್ಪಾಡು ಮಾಡಿದರು. ಪಂಚಾಯಿತಿಯ ಮುಂದೆ ಹದಿನಾಲ್ಕು ಸಲ ಹೋಗಿ ನಿಂತು ಒಂದು ತಗಡಿನ ಚಪ್ಪರ ಹಾಕಿಸಿದರು. ಅಂಗಡಿ ಮತ್ತೆ ಚೇತರಿಸಿಕೊಂಡಿತು. ಹಳೆಯ ಜಾಗದಷ್ಟು ವ್ಯಾಪಾರ ಇಂದಿಗೂ ಇಲ್ಲ ಎಂದು ಕಣ್ಣಮ್ಮ ಈಗಲೂ ಹೇಳುತ್ತಾರೆ. ಹೇಳಿ, ಗಂಗಾಲಕ್ಷ್ಮಿಯವರ ತಟ್ಟೆಗೆ ಕೇಳದೆಯೇ ಮೂರನೆಯ ಇಡ್ಲಿ ಹಾಕುತ್ತಾರೆ.

ಕೂಟ್ರೋಡಿನಲ್ಲಿ ಅಪಘಾತ ನಿಂತೇಹೋಯಿತೆಂದು ಬರೆದರೆ ಗಂಗಾಲಕ್ಷ್ಮಿಯವರೇ ಒಪ್ಪುವುದಿಲ್ಲ. ಮಳೆಯಲ್ಲಿ ಜಾರುವವರು ಈಗಲೂ ಜಾರುತ್ತಾರೆ. ಆದರೆ ವರ್ಷಕ್ಕೆ ಇಪ್ಪತ್ತೆಂಟು ಮೂವತ್ತು ಗಾಯಾಳುಗಳು ಬರುತ್ತಿದ್ದ ಕಡೆಯಿಂದ, ಬದಲಾವಣೆಯಾದ ಮೊದಲ ಪೂರ್ತಿ ವರ್ಷದಲ್ಲಿ ಬಂದವರು ನಾಲ್ವರು. ಅಂದಿನಿಂದ ಇಂದಿನವರೆಗೆ ಅಲ್ಲಿ ಯಾರೂ ಜೀವ ಕಳೆದುಕೊಂಡಿಲ್ಲ. 2020ರ ಆಗಸ್ಟಿನಲ್ಲಿ, ಊರೆಲ್ಲ ಬಾಗಿಲು ಮುಚ್ಚಿ ಕೂತಿದ್ದ ದಿನಗಳಲ್ಲಿ, ಪೂಂಗೊಡಿಗೆ ಹೆಣ್ಣು ಮಗು ಹುಟ್ಟಿತು. ಮುಖಕ್ಕೆ ಎರಡು ಪದರ ಬಟ್ಟೆ ಕಟ್ಟಿಕೊಂಡು ಹೆರಿಗೆ ಮಾಡಿಸಿದವರು ಗಂಗಾಲಕ್ಷ್ಮಿಯವರೇ. ಕೂಸಿಗೆ ಸತ್ಯಾ ಎಂದು ಹೆಸರಿಟ್ಟರು. ಹೆಸರು ಆರಿಸಿದವರು ಅಜ್ಜಿ ಸಿದ್ದಲಕ್ಷ್ಮಮ್ಮ.

ನಿವೃತ್ತಿಯ ಬಳಿಕ ಗಂಗಾಲಕ್ಷ್ಮಿಯವರು ವಿಶ್ರಾಂತಿ ಪಡೆಯುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಜುಲೈ ತಿಂಗಳಲ್ಲಿ ಕಾರಿಮಂಗಲಂ ಕಡೆಯ ಒಂದು ಆರೋಗ್ಯ ಕೇಂದ್ರದ ದಾದಿಯರು, ತಮ್ಮ ಊರಿನ ಶಾಲೆಯ ಬಳಿಯ ತಿರುವಿನ ಬಗ್ಗೆ ಕೇಳಲು ಅವರನ್ನು ಕರೆಸಿಕೊಂಡರು. ಅಲ್ಲಿಗೆ ಹೋಗಿ ಬಂದವರು ಈಗ ತಿಂಗಳಿಗೆ ಎರಡು ಶನಿವಾರ ಅಲ್ಲಿರುತ್ತಾರೆ. ಎಳೆಯ ದಾದಿಯರನ್ನು ಜೊತೆಗೆ ಕರೆದುಕೊಂಡು, ಗಾಯಗೊಂಡವರ ಮನೆ ಬಾಗಿಲಿಗೆ ಹೋಗಿ, ಬೈಯದೆ, ಬುದ್ಧಿ ಹೇಳದೆ, ಮೊದಲು ಕೂತು ಕೇಳುವುದು ಹೇಗೆಂದು ತೋರಿಸಿಕೊಡುತ್ತಿದ್ದಾರೆ.

ಶ್ರೀಮತಿ ಗಂಗಾಲಕ್ಷ್ಮಿಯವರಿಗೆ, ಅವರನ್ನು ಸ್ಕೂಟರಿನಲ್ಲಿ ಹೊತ್ತು ತಿರುಗಿದ ರಾಜಗೋಪಾಲ್ ಅವರಿಗೆ, ದೇವರು ದೀರ್ಘವಾದ ಆಯುಷ್ಯವನ್ನೂ ಗಟ್ಟಿಯಾದ ಮೊಣಕಾಲುಗಳನ್ನೂ ಕೊಡಲಿ. ಅವರ ಕೆಲಸ ಮುಂದುವರಿಯಲಿ ಎಂದು ಹಾರೈಸುವುದು ಇಂಥ ಗ್ರಂಥಗಳ ವಾಡಿಕೆ. ನಾವೂ ಹಾಗೆಯೇ ಹಾರೈಸುತ್ತೇವೆ. ಜೊತೆಗೆ, ಅವರು ಹೋಗಿ ನಿಂತ ಊರುಗಳಲ್ಲಿ ಒಂದೊಂದಾಗಿ ಆ ಕೆಲಸ ಅವರಿಗೆ ಇಲ್ಲದಂತಾಗಲಿ. ಗಾಯ ಕಟ್ಟುವ ಕೋಣೆಯ ಬಾಗಿಲು ತೆರೆದಿದ್ದು, ಒಳಗಿನ ಬೆಂಚು ದಿನವಿಡೀ ಖಾಲಿಯಿರಲಿ. ಶನಿವಾರ ಸಂಜೆ ಕಾರಿಮಂಗಲಂ ಬಸ್ಸಿಳಿದು ಮನೆಗೆ ಬಂದ ಅವರು, ಇವತ್ತು ಅಲ್ಲಿ ಯಾರೂ ಬಿದ್ದಿರಲಿಲ್ಲ ಎಂದು ರಾಜಗೋಪಾಲ್ ಅವರಿಗೆ ಹೇಳಿ, ಕಾಲು ತೊಳೆದುಕೊಂಡು, ನೆಮ್ಮದಿಯಾಗಿ ಕೂತು ಕಾಫಿ ಕುಡಿಯುವಂತಾಗಲಿ.